ಗುರುಪಾದ ಕಸ ಹಾಕಿದ್ದು

ಗದಗಿನ ನೀಲವ್ವನಿಗೆ ಒಬ್ಬನೇ ಮಗ, ಗುರುಪಾದ. ವಯಸ್ಸು ಇಪ್ಪತ್ತಾರು, ಮೈ ಎತ್ತಿನಂಥದ್ದು, ಬುದ್ಧಿ ಮಾತ್ರ ಹೇಳಿದಷ್ಟಕ್ಕೇ ನಿಲ್ಲುವಂಥದ್ದು. ನೀಲವ್ವ ಜರ್ಮನಿಯ ಒಂದು ಊರಿನಲ್ಲಿ ಆಸ್ಪತ್ರೆಯ ಅಡುಗೆಮನೆ ಕೆಲಸಕ್ಕೆ ಸೇರಿದ್ದಳು. ಎರಡು ವರ್ಷದಲ್ಲಿ ಅಲ್ಲಿನ ಮಾತು ಕಲಿತು, ಮಗನನ್ನೂ ಕರೆಸಿಕೊಂಡಳು. "ನಾ ದುಡಿಯಾಕ ಹೋಗ್ತೀನಿ, ನೀ ಮನಿ ಕಸ ಅಷ್ಟು ನೋಡ್ಕೋ" ಅಂದಳು. ಅಲ್ಲಿಂದ ಶುರುವಾಯಿತು ನೋಡಿ.

ಮೊದಲ ದಿನ ಗುರುಪಾದ ಬಾಳೆಹಣ್ಣಿನ ಸಿಪ್ಪೆ, ಮೊಸರಿನ ಡಬ್ಬಿ, ಪೇಪರು ಎಲ್ಲ ಒಂದೇ ಚೀಲಕ್ಕೆ ತುಂಬಿ ಒಂದೇ ತೊಟ್ಟಿಗೆ ಹಾಕಿದ. ಕೆಳಮನೆಯಲ್ಲಿದ್ದ ಮಾಲೀಕ ಹೆರ್ಮನ್ ಆ ಚೀಲ ತಂದು ಇವರ ಬಾಗಿಲ ಮುಂದೆ ಸುರಿದ. ಮೊಸರು ಮೆತ್ತಿದ ಡಬ್ಬಿ ಎತ್ತಿ ತೋರಿಸಿದ.

"ಹಂಗ ಹಾಕಬಾರದೋ ಮಾರಾಯ" ಅಂದಳು ನೀಲವ್ವ. "ಇಲ್ಲಿ ತೊಳದು ಹಾಕಬೇಕು."

"ಆತವ್ವಾ, ತೊಳದು ಹಾಕ್ತೀನಿ."

ಮರುದಿನ ಹಳೇ ಪೇಪರಿನ ಪಾಳಿ. ಗುರುಪಾದ ಒಂದು ತಿಂಗಳ ಪೇಪರನ್ನು ಬಚ್ಚಲಲ್ಲಿ ನೆನೆಹಾಕಿ, ಸೋಪು ಹಚ್ಚಿ ತಿಕ್ಕಿದ. ಪೇಪರು ಅಂಬಲಿಯಾಯಿತು. ಬಚ್ಚಲು ಕಟ್ಟಿಕೊಂಡು ನೀರು ಕೆಳಮನೆಗೆ ಸೋರಿತು. ಹೆರ್ಮನ್ ತಲೆಯಿಂದ ನೀರಿಳಿಸಿಕೊಂಡೇ ಮೇಲೆ ಬಂದ.

"ಪೇಪರ್ ಯಾರಾದ್ರೂ ತೊಳೀತಾರೇನೋ?" ಅಂದಳು ನೀಲವ್ವ. "ಪೇಪರು, ರಟ್ಟು ಎಲ್ಲಾ ತುಳದು ಚಪ್ಪಟ ಮಾಡಿ ಹಾಕಬೇಕು."

"ಆತವ್ವಾ, ತುಳದು ಹಾಕ್ತೀನಿ."

ಮುಂದಿನ ವಾರ ಗಾಜಿನ ಬಾಟಲಿಗಳಿದ್ದವು. ಗುರುಪಾದ ಅವನ್ನು ಸಾಲಾಗಿ ಮಲಗಿಸಿ, ಚಪ್ಪಲಿ ಬಿಟ್ಟು ತುಳಿದ. ನೀಲವ್ವ ಕೆಲಸದಿಂದ ಬರುವಾಗ ಮೆಟ್ಟಿಲ ತುಂಬ ರಕ್ತದ ಹೆಜ್ಜೆ. ಅವಳು ಅವನನ್ನು ಆಸ್ಪತ್ರೆಗೆ ಒಯ್ದಳು. ಅಂಗಾಲಿಗೆ ಆರು ಹೊಲಿಗೆ ಬಿದ್ದವು.

"ಗಾಜು ತುಳೀಬಾರದಪ್ಪಾ" ಅಂದಳು. "ಬಣ್ಣ ನೋಡಿ ಹಾಕಬೇಕು. ಬೀದಿ ಮೂಲ್ಯಾಗ ಮೂರು ಪೆಟ್ಟಿಗಿ ಅದಾವಲ್ಲ, ಹಸರು ಹಸರದಕ್ಕ, ಕಂದು ಕಂದದಕ್ಕ, ಬಿಳೇದು ಬಿಳೇದಕ್ಕ."

"ಆತವ್ವಾ, ಬಣ್ಣ ನೋಡ್ತೀನಿ."

ಕಾಲು ವಾಸಿಯಾದ ಮೇಲೆ ಅಡುಗೆಮನೆ ಕಸ ಹೊತ್ತುಕೊಂಡು ಹೊರಟ. ಪಾಲಕದ ದಂಟು ಹಸಿರು ಗಾಜಿನ ಪೆಟ್ಟಿಗೆಗೆ, ಆಲೂಗಡ್ಡೆ ಸಿಪ್ಪೆ ಕಂದು ಬಣ್ಣದ್ದಕ್ಕೆ, ಮೂಲಂಗಿ ಬಿಳಿಯದಕ್ಕೆ. ಬೀದಿಯ ಜನ ನಾಯಿ ಹಿಡಿದುಕೊಂಡು ಹಾಗೇ ನಿಂತು ನೋಡಿದರು. ಆ ಸಂಜೆ ಹೆರ್ಮನ್ ಒಂದು ಕಾಗದ ಕೊಟ್ಟ. ಇನ್ನೊಮ್ಮೆ ತಪ್ಪಾದರೆ ಮನೆ ಖಾಲಿ ಮಾಡಬೇಕು ಅಂತ ಅದರಲ್ಲಿತ್ತು.

ನೀಲವ್ವ ಕಾಗದ ಓದಿ ಮಡಚಿದಳು. "ಬಣ್ಣ ಗಿಣ್ಣ ಬ್ಯಾಡ. ನಾಳೆ ಹಳೇ ಸಾಮಾನು ಒಯ್ಯೋ ದೊಡ್ಡ ಲಾರಿ ಬರ್ತೈತಿ. ಕೆಲಸಕ್ಕ ಬಾರದ್ದನ್ನ ಮುಂಜಾನೆ ಏಳಕ್ಕ ರಸ್ತಿ ಬಾಜೂಕ ಇಡು. ಬೇಕಾದವರು ಒಯ್ತಾರ, ಉಳದದ್ದು ಲಾರಿಗೆ." ಸೆರಗಿನಿಂದ ಮುಖ ಒರೆಸಿಕೊಂಡಳು. "ನೀನೂ ಅಷ್ಟ. ಯಾವ ಕೆಲಸಕ್ಕೂ ಬರಲಿಲ್ಲ."

"ಆತವ್ವಾ" ಅಂದ ಗುರುಪಾದ.

ಬೆಳಗ್ಗೆ ಹೆರ್ಮನ್ ಬಾಗಿಲು ಬಡಿದ. ಅವನ ಮುಖ ಸುಣ್ಣದ ಹಾಗಿತ್ತು. ನೀಲವ್ವ ಇಳಿದು ಓಡಿದಳು. ರಸ್ತೆ ಬದಿ ಇಟ್ಟಿದ್ದ ಮುರಿದ ಮಂಚಕ್ಕೂ ಹಳೇ ಕಪಾಟಿಗೂ ನಡುವೆ ಗುರುಪಾದ ಮೊಣಕಾಲ ಮೇಲೆ ಕೈಯಿಟ್ಟು ನೆಟ್ಟಗೆ ಕೂತಿದ್ದ. ಲಾರಿಯವನು ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದ.

"ಇಲ್ಯಾಕ ಕುಂತೀಯೋ?"

"ಕೆಲಸಕ್ಕ ಬಾರದ್ದು ಇಲ್ಲೆ ಇಡು ಅಂದಿಯಲ್ಲವ್ವಾ."

ನೀಲವ್ವ ಅವನ ಪಕ್ಕ ಮಂಚದ ಅಂಚಿಗೆ ಕೂತಳು. ಬಹಳ ಹೊತ್ತು ಅವನ ತಲೆ ಸವರಿದಳು.

"ಬೇಕಾದವರು ಒಯ್ಯಬೌದು ಅಂದಿದ್ದೆ ಹೌದಿಲ್ಲೋ? ನನಗ ನೀ ಬೇಕು. ಏಳು, ಮನೀಗೆ ನಡಿ."

ಗುರುಪಾದನ ಮುಖ ಅರಳಿತು. ಆದರೆ ಏಳಲಿಲ್ಲ.

"ಒಯ್ಯಿ ಮತ್ತ" ಅಂದ. "ಸಾಮಾನು ತಾವ ನಡಕೊಂಡು ಹೋಗ್ತಾವೇನವ್ವಾ?"

ಎಷ್ಟು ಹೇಳಿದರೂ ಅಷ್ಟೇ. ಕೊನೆಗೆ ಲಾರಿಯವನು ಹೆಗಲು ಹಿಡಿದ, ಹೆರ್ಮನ್ ಮನೆ ಬಿಡಿಸುವ ಮಾತು ಮರೆತು ಕಾಲು ಹಿಡಿದ. ಗುರುಪಾದ ಕಪಾಟಿನ ಹಾಗೆ ಬಿಗಿಯಾಗಿ ಮಲಗಿಕೊಂಡು ಮೆಟ್ಟಿಲು ಹತ್ತಿದ.