ಎಲೆ ಎತ್ತಿ ನೋಡದ ಧಡಾರಪ್ಪ

ಮಕ್ಕಳೇ, ಬಂಡೆಗಳ ನಡುವೆ ಒಂದು ಕುರುಚಲು ಕಾಡು. ಆ ಕಾಡಿಗೆಲ್ಲ ಒಂದೇ ಕೊಳ. ಬೇಸಿಗೆ ಬಂತೆಂದರೆ ಸುತ್ತ ಬಿಸಿಲೋ ಬಿಸಿಲು. ನೆರಳಿದ್ದದ್ದು ಒಂದೇ ಕಡೆ, ಹೊಂಗೆ ಮರದ ಕೆಳಗೆ, ಜೊಂಡು ಬೆಳೆದ ಮೂಲೆಯಲ್ಲಿ.

ಆ ಮೂಲೆ ಯಾರಿಗೆ ಸೇರಬೇಕು? ಮನುಷ್ಯರಾಗಿದ್ದರೆ ಬಡಿದಾಡುತ್ತಿದ್ದರು. ಇಲ್ಲಿನ ಪ್ರಾಣಿಗಳು ಕೂತು ಆಟವಾಡುತ್ತಿದ್ದವು. ವರ್ಷಕ್ಕೊಮ್ಮೆ, ಹೊಂಗೆ ಚಿಗುರುವ ಹೊತ್ತಿಗೆ. ಗೆದ್ದವರಿಗೆ ಬೇಸಿಗೆಯಿಡೀ ಆ ಮೂಲೆ.

ಆಟ ಹೀಗಿತ್ತು. ಆಮೆಯಜ್ಜನ ಹತ್ತಿರ ಒಂದು ಸೋರೆಬುರುಡೆ. ಅದರ ತುಂಬ ಕಪ್ಪು ಹುಣಸೆ ಬೀಜ, ನಡುವೆ ಅಲ್ಲೊಂದು ಇಲ್ಲೊಂದು ಕೆಂಪು ಗುಲಗಂಜಿ. ಅಜ್ಜ ಒಬ್ಬೊಬ್ಬರ ಮುಂದೆಯೂ ಮುತ್ತುಗದ ಎಲೆಯಡಿ ಮೂರು ಬೀಜ ಇಡುತ್ತಿದ್ದ. ತನ್ನ ಎಲೆ ತಾನು ಮಾತ್ರ ಎತ್ತಿ ನೋಡಬೇಕು. ಕೆಂಪು ಹೆಚ್ಚಿದ್ದವರು ಗೆದ್ದಂತೆ.

ಎಲ್ಲರಿಗೂ ಇಪ್ಪತ್ತು ನೆಲ್ಲಿಕಾಯಿ. ಸುತ್ತಿಗೊಂದು ಕಾಯಿ ನಡುವೆ ಇಡಲೇಬೇಕು. ಬೀಜ ಚೆನ್ನಾಗಿದ್ದರೆ ಇನ್ನಷ್ಟು ನೂಕಬಹುದು. ಉಳಿದವರೂ ಅಷ್ಟೇ ನೂಕಬೇಕು, ಸಾಲದಿದ್ದರೆ ಇದ್ದಷ್ಟನ್ನೂ ನೂಕಬೇಕು. ಧೈರ್ಯವಿಲ್ಲದಿದ್ದರೆ "ಬಿಟ್ಟೆ" ಎನ್ನಬೇಕು. ಎಲ್ಲರೂ ಬಿಟ್ಟರೆ, ನೂಕಿದವನು ಬೀಜ ತೋರಿಸದೆಯೇ ರಾಶಿ ಬಾಚಿಕೊಳ್ಳಬಹುದು. ನಡುವಿಗೆ ಹೋದ ಕಾಯಿ ಮಾತ್ರ, ಯಾರು ಬೇಡಿದರೂ ವಾಪಸ್ ಬರುವಂತಿಲ್ಲ.

ಆ ವರ್ಷ ಆಟಕ್ಕೆ ಕೂತವರು ನಾಲ್ವರು: ಮೊಲ ಪುಕ್ಕಣ್ಣ, ಕಾಡುಹಂದಿ ಗುಟುರಣ್ಣ, ಕೋತಿ ಧಡಾರಪ್ಪ, ನೀರುಕೋಳಿ ನೀಲಕ್ಕ.

ನೀಲಕ್ಕನಿಗೆ ಆ ಮೂಲೆ ಬೇಕೇ ಬೇಕಿತ್ತು. ಅಲ್ಲಿನ ಜೊಂಡಿನೊಳಗೆ ಅವಳು ಆಗಲೇ ಐದು ಮೊಟ್ಟೆ ಇಟ್ಟಾಗಿತ್ತು. ಧಡಾರಪ್ಪನೋ, "ನಾನು ಗೆದ್ದರೆ ಮೊದಲು ಆ ಜೊಂಡು ಕಿತ್ತೆಸೆದು ಕಾಲು ಚಾಚಿ ಮಲಗ್ತೀನಿ" ಎಂದು ಕಾಡಿಗೆಲ್ಲ ಹೇಳಿಕೊಂಡು ಬಂದಿದ್ದ.

ಅವನ ಆಟದಲ್ಲಿ ಗುಟ್ಟೇನೂ ಇರಲಿಲ್ಲ. ಬೀಜ ಏನೇ ಬರಲಿ, ನೂಕುವುದು. ನಾನು ಸುತ್ತಿದ ಊರುಗಳಲ್ಲೆಲ್ಲ ಇಂಥವನೊಬ್ಬನನ್ನು ಕಂಡಿದ್ದೇನೆ. ಭಾಷೆ ಬೇರೆ, ಬಾಲ ಒಂದೇ.

"ಏನ್ ಗುಟುರಣ್ಣ, ಗೆಡ್ಡೆ ಅಗೆಯೋಕೆ ಇರೋ ಧೈರ್ಯ ಇಲ್ಲಿಗೆ ಬರಲ್ವಾ?" ಎಂದು ಮೊದಲ ಸುತ್ತಿನಲ್ಲೇ ಕೆಣಕಿದ.

ಗುಟುರಣ್ಣನಿಗೆ ಮೂಗಿನ ತುದಿಯಲ್ಲಿ ಸಿಟ್ಟು. ಒಂದೂ ಕೆಂಪಿಲ್ಲದಿದ್ದರೂ ಇದ್ದ ಕಾಯಿಯನ್ನೆಲ್ಲ ಮೂತಿಯಿಂದ ನೂಕಿಬಿಟ್ಟ. ಧಡಾರಪ್ಪನ ಎಲೆಯಡಿ ಅದೃಷ್ಟಕ್ಕೆ ಒಂದು ಕೆಂಪಿತ್ತು. ಗುಟುರಣ್ಣ ಕೆಸರಿನ ಕಡೆ ನಡೆದ.

ಪುಕ್ಕಣ್ಣನ ಪಾಡು ಬೇರೆ. "ಮೂರು ಕೆಂಪು ಬಂದರಷ್ಟೇ ನಿಲ್ಲಬೇಕು" ಎಂದು ಅವನ ಅಜ್ಜಿ ಹೇಳಿಕೊಟ್ಟಿದ್ದಳು. ಅವನು ಆಸೆಗೆ ಎರಡು ಕಾಯಿ ಹಾಕುವನು, ಧಡಾರಪ್ಪ "ಹತ್ತು" ಎಂದು ಗುಡುಗಿದೊಡನೆ ಕಿವಿ ಮಡಚಿ "ಬಿಟ್ಟೆ" ಎನ್ನುವನು. ಹೀಗೇ ಬಿಡುತ್ತ ಬಿಡುತ್ತ ಅವನ ಕಾಯಿಯೂ ಖಾಲಿಯಾಯಿತು.

ಧಡಾರಪ್ಪನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಹೇಗೂ ಎಲ್ಲರೂ ಬಿಡುತ್ತಾರಲ್ಲ, ಇನ್ನು ನೋಡುವುದೇಕೆ? ತನ್ನ ಎಲೆ ಎತ್ತಿ ನೋಡುವುದನ್ನೇ ಬಿಟ್ಟ.

ಅದನ್ನು ನೀಲಕ್ಕ ನೋಡಿದಳು.

"ನೀಲಕ್ಕಾ, ನಿದ್ದೆ ಬಂತಾ?" ಎಂದ ಧಡಾರಪ್ಪ.

"ಇಲ್ಲಪ್ಪ, ಎಚ್ಚರವಾಗೇ ಇದ್ದೀನಿ. ಬಿಟ್ಟೆ."

"ಒಂದೇ ಒಂದು ಸಲ ಆಡು ತಾಯಿ, ನನಗೂ ಬೇಜಾರು."

"ಮೂರೂ ಕಪ್ಪು ಬಂದಿದೆ. ಬಿಟ್ಟೆ."

ಹೀಗೆ ಒಂದೊಂದೇ ಕಾಯಿ ಹೋಗಿ ಅವಳ ಹತ್ತಿರ ಹನ್ನೊಂದು ಉಳಿಯಿತು. ಮುಂದಿನ ಸುತ್ತಿಗೆ ಒಂದನ್ನಿಟ್ಟು ಎಲೆ ಎತ್ತಿದಳು. ಎರಡು ಕೆಂಪು, ಒಂದು ಕಪ್ಪು.

"ಮೂರು" ಎಂದ ಧಡಾರಪ್ಪ, ಎಲೆ ಮುಟ್ಟದೆ.

"ಮೂರೂ ಕೆಂಪು ಬಂದಿದ್ರೆ ಮಾತ್ರ ಅಕ್ಕಾ" ಎಂದು ಹಿಂದಿನಿಂದ ಪುಕ್ಕಣ್ಣ ಪಿಸುಗುಟ್ಟಿದ.

ನೀಲಕ್ಕ ಯೋಚಿಸಿದಳು. ಬುರುಡೆಯಲ್ಲಿರುವ ಕೆಂಪೇ ಕಡಿಮೆ. ಇವನು ನೂಕದ ಸುತ್ತೇ ಇಲ್ಲ. ಸುತ್ತು ಸುತ್ತಿಗೂ ಇವನಿಗೆ ಕೆಂಪು ಎಲ್ಲಿಂದ ಬಂದೀತು? ನೋಡದೆ ನೂಕುವವನ ಮುಂದೆ ಎರಡು ಕಡಿಮೆಯೇನಲ್ಲ. ಸೋತರೂ ಸೋಲಬಹುದು. ಆದರೆ ಮೂರು ಬರಲೆಂದು ಕಾದರೆ, ಅಷ್ಟರಲ್ಲಿ ಇಡಲು ಕಾಯಿಯೇ ಇರುವುದಿಲ್ಲ.

"ಹಾಕಿದೆ" ಎಂದು ಮೂರು ಕಾಯಿ ಸರಿಸಿದಳು. ಅಷ್ಟೇ. ಮೇಲೆ ಒಂದೂ ನೂಕಲಿಲ್ಲ.

ಧಡಾರಪ್ಪನ ಬಾಲ ಒಂದು ಕ್ಷಣ ನಿಂತಿತು. ಆಮೇಲೆ ಎರಡೂ ತೋಳಿನಿಂದ ತನ್ನ ಗುಡ್ಡೆಯನ್ನೆಲ್ಲ ನಡುವಿಗೆ ತಳ್ಳಿದ.

"ಅಷ್ಟೊಂದು ಯಾಕೋ? ಅವಳ ಹತ್ತಿರ ಇರೋದೇ ಏಳು" ಎಂದ ಆಮೆಯಜ್ಜ.

"ಹೆದರಲಿ ಅಂತ ಅಜ್ಜಾ."

"ನೂಕಿದ್ದು ನೂಕಿದ್ದೇ, ನೆನಪಿರಲಿ."

"ಗೊತ್ತು ಗೊತ್ತು. ನೀಲಕ್ಕಾ, ಬಿಟ್ಟೆ ಅನ್ನು, ಮನೆಗೆ ಹೋಗೋಣ."

ನೀಲಕ್ಕ ಜೊಂಡಿನ ಕಡೆ ನೋಡಿದಳು. ಕೊಕ್ಕಿನಿಂದ ಏಳೂ ಕಾಯಿಯನ್ನು ಮುಂದಕ್ಕೆ ಸರಿಸಿ, "ಹಾಕಿದೆ" ಎಂದು ಎಲೆ ತೆಗೆದಳು. ಎರಡು ಕೆಂಪು.

ಧಡಾರಪ್ಪ ಆಗ ತನ್ನ ಎಲೆ ಎತ್ತಿದ. ಒಂದು ಹುಣಸೆ ಬೀಜ. ಇನ್ನೊಂದು ಹುಣಸೆ ಬೀಜ. ಮೂರನೆಯದನ್ನು ಮೂಗಿನ ಹತ್ತಿರ ಹಿಡಿದ.

"ಅಜ್ಜಾ, ಇದೇನು?"

ಆಮೆಯಜ್ಜ ಕಣ್ಣು ಕಿರಿದು ಮಾಡಿ ನೋಡಿದ. "ಮೊಲದ ಹಿಕ್ಕೆ. ನನಗೆ ಕಣ್ಣು ಮಂದ ಕಣಪ್ಪ."

ಪುಕ್ಕಣ್ಣ ಆಕಾಶದಲ್ಲಿ ಏನೋ ನೋಡತೊಡಗಿದ.

"ಹಾಗಾದ್ರೆ ಈ ಸುತ್ತು ನಡೆಯಲ್ಲ" ಎಂದ ಧಡಾರಪ್ಪ.

"ಮೊದಲೇ ಎತ್ತಿ ನೋಡಿದ್ದರೆ ಬದಲಾಯಿಸಿ ಕೊಡ್ತಿದ್ದೆ. ನೋಡಿದೆಯಾ? ಹೋಗಲಿ, ಅದು ಕೆಂಪೇ ಅಂದ್ಕೊಳ್ಳೋಣ. ನಿನ್ನದು ಒಂದು, ಅವಳದು ಎರಡು. ಎದ್ದೇಳಪ್ಪ."

ಧಡಾರಪ್ಪ ಏಳಲಿಲ್ಲ. "ಬರೀ ಎರಡು ಇಟ್ಕೊಂಡು ಹೇಗೆ ನಿಂತೆ ನೀಲಕ್ಕಾ? ಭಯ ಆಗಲಿಲ್ವಾ?"

"ಆಯ್ತು. ಆದರೆ ಭಯ ಇದ್ದದ್ದು ನನ್ನ ಹೊಟ್ಟೆಯಲ್ಲಿ, ನಿನ್ನ ಬೀಜ ಇದ್ದದ್ದು ಎಲೆಯ ಕೆಳಗೆ. ಅದಕ್ಕೂ ಇದಕ್ಕೂ ಏನಪ್ಪ ಸಂಬಂಧ?" ಎಂದು ನೀಲಕ್ಕ ಮೊಟ್ಟೆ ತಣ್ಣಗಾಗುವ ಮೊದಲೇ ಹೊರಟುಹೋದಳು.

ಆ ಬೇಸಿಗೆ ಜೊಂಡಿನಿಂದ ಐದು ಕಪ್ಪು ಮರಿಗಳು ಸಾಲಾಗಿ ನೀರಿಗಿಳಿದವು. ಎದುರಿನ ಸುಡುಬಂಡೆಯ ಮೇಲೆ ಧಡಾರಪ್ಪ ಒಮ್ಮೆ ಎಡಗಾಲು, ಒಮ್ಮೆ ಬಲಗಾಲು ಎತ್ತುತ್ತ ಅವನ್ನು ಎಣಿಸುತ್ತಿದ್ದ.

ನೀತಿ: ಎಲ್ಲದಕ್ಕೂ ಅಬ್ಬರಿಸುವವನ ಎದುರು ನೀನೂ ಅಬ್ಬರಿಸಬೇಡ, ಹೆದರಿ ಓಡಲೂ ಬೇಡ, ಕೈಯಲ್ಲಿರುವುದು ಸಾಕಷ್ಟಿದ್ದಾಗ ಸುಮ್ಮನೆ ನಿಲ್ಲು, ಸೋಲುವ ಕೆಲಸವನ್ನು ಅವನೇ ಮಾಡಿಕೊಳ್ಳುತ್ತಾನೆ.