ಗಂಟು ಹಾಕಿದ ಹಗ್ಗ

"ಗುರುಗಳೇ, ಒಳ್ಳೆಯದು ಮಾಡಿದವನ ಮೇಲೆ ಜನರಿಗೆ ಯಾಕೆ ಮುನಿಸು?" ಎಂದು ಕೇಳಿದೆ.

ಗುರುಗಳು ಮಠದ ಜಗುಲಿಯಲ್ಲಿ ಶೇಂಗಾ ಸುಲಿಯುತ್ತ ಕೂತಿದ್ದರು. "ಒಳ್ಳೆಯದು ಮಾಡಿದವನು ಯಾರು?" ಎಂದರು.

"ನಾನೇ."

"ಹಾಗಾದರೆ ಹೇಳು."

ಹೇಳಿದೆ. ನಮ್ಮ ಹೋಬಳಿಯ ಕಂಪ್ಯೂಟರುಗಳೆಲ್ಲ ನನ್ನ ಕೈಯಿಂದಲೇ ಬದುಕಿವೆ. ಪಟ್ಟಣದ ರಿಪೇರಿಯವರು ಎರಡು ದಿನ ತಿಣುಕಿ ಬಿಟ್ಟುಹೋದದ್ದನ್ನು ನಾನು ಚಹಾ ಆರುವುದರೊಳಗೆ ಎಬ್ಬಿಸಿ ಕೂರಿಸಿದ್ದೇನೆ. ಹತ್ತು ದಿನದ ಹಿಂದೆ ಬ್ರೌಸರಿನ ಹೊಸ ಆವೃತ್ತಿ ಬಂತು. ಹಳೆಯದರಲ್ಲಿ ಕಳ್ಳರು ನುಗ್ಗುವ ಕಿಂಡಿಗಳಿದ್ದವು. ಶಾಲೆ, ಪಂಚಾಯಿತಿ, ಸೊಸೈಟಿ, ಕೊನೆಗೆ ಗ್ರಂಥಾಲಯ, ಒಂದೇ ದಿನದಲ್ಲಿ ಮೂವತ್ತೆಂಟು ಯಂತ್ರಗಳಿಗೆ ಅಪ್‌ಡೇಟ್ ಹಾಕಿದೆ. ಇನ್ನೊಬ್ಬರಿಂದ ಆಗುವ ಕೆಲಸವಲ್ಲ ಅದು.

ಗ್ರಂಥಾಲಯದ ಯಂತ್ರದ ಮುಂದೆ ದಿನಾ ಬೆಳಿಗ್ಗೆ ಒಬ್ಬ ಮುದುಕರು ಕೂರುತ್ತಿದ್ದರು. ಹೆಸರು ನಿರ್ವಾಣಪ್ಪ. ಕಣ್ಣು ಮಂಜು. ಆ ಬ್ರೌಸರಿನಲ್ಲಿ ಅವರಿಗೆಂದೇ ಯಾರೋ ಒಂದು ಆ್ಯಡ್-ಆನ್, ಅಂದರೆ ಬ್ರೌಸರಿಗೆ ಜೋಡಿಸುವ ಪುಟ್ಟ ತಂತ್ರಾಂಶ, ಹಾಕಿಕೊಟ್ಟಿದ್ದರು. ಯಾವ ಪುಟ ತೆರೆದರೂ ಅಕ್ಷರಗಳನ್ನು ಅಂಗೈ ಅಗಲ ಮಾಡಿ, ಕಪ್ಪಿನ ಮೇಲೆ ಹಳದಿಯಾಗಿ ತೋರಿಸುತ್ತಿತ್ತು. ಎಲ್ಲಿಯೋ ಇರುವ ಒಬ್ಬ ಪುಣ್ಯಾತ್ಮ ಅದನ್ನು ಮಾಡಿ ಪುಕ್ಕಟೆ ಬಿಟ್ಟಿದ್ದ. ಬ್ರೌಸರ್ ಬದಲಾದಾಗಲೆಲ್ಲ ತಾನೂ ಅದನ್ನು ತಿದ್ದಿ ಕಳಿಸುತ್ತಿದ್ದ. ಎರಡು ವರ್ಷದಿಂದ ಅವನ ಸುದ್ದಿಯಿಲ್ಲ. ಆ್ಯಡ್-ಆನ್ ಮಾತ್ರ ಹೇಗೋ ಕುಂಟುತ್ತ ನಡೆದಿತ್ತು. ನನ್ನ ಅಪ್‌ಡೇಟಿಗೆ ಪೂರ್ತಿ ನಿಂತುಹೋಯಿತು.

"ಮುದುಕರು ಏನೆಂದರು?"

"ಪರದೆಗೆ ಮೂಗು ತಾಗುವಷ್ಟು ಬಗ್ಗಿದರು. 'ತಮ್ಮಾ, ನನ್ನ ಅಕ್ಷರ ಎಲ್ಲಿ ಹೋದವು?' ಎಂದರು. 'ಹಳೇದರ ಕಾಲ ಮುಗೀತು ಅಜ್ಜಾ, ಹೊಸದು ಹೇಗೆ ಓಡುತ್ತದೆ ನೋಡಿ' ಎಂದೆ. ಚಪ್ಪಲಿ ಮೆಟ್ಟಿಕೊಂಡು ಹೋದರು. ಆಮೇಲೆ ಬಂದಿಲ್ಲ. ಕಳ್ಳರಿಗೆ ಬಾಗಿಲು ಹಾಕಿದ್ದು ತಪ್ಪೇ ಗುರುಗಳೇ?"

ಗುರುಗಳು ಸಿಪ್ಪೆ ಊದಿ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಕುರುಡನಿದ್ದ. ಹಿಂದುಮುಂದು ಯಾರೂ ಇಲ್ಲದವನು. ಅವನ ಮನೆಯಿಂದ ಊರ ಕಟ್ಟೆಗೆ ಒಂದೇ ಓಣಿ. ಓಣಿಯ ತುಂಬ ಕಲ್ಲು, ಗುಂಡಿ. ಅದೇ ಓಣಿಯಲ್ಲಿ ಹಗ್ಗ ಹೊಸೆಯುವವನೊಬ್ಬನಿದ್ದ. ಅವನು ಓಣಿಯ ಅಂಚಿಗೆ ಗೂಟ ನೆಟ್ಟು, ಕುರುಡನ ಬಾಗಿಲಿನಿಂದ ಕಟ್ಟೆಯವರೆಗೆ, ಕೈಗೆ ಸಿಗುವ ಎತ್ತರದಲ್ಲಿ ಒಂದು ಹಗ್ಗ ಕಟ್ಟಿದ. ಅದರಲ್ಲಿ ಗಂಟು ಹಾಕಿದ. ಒಂದು ಗಂಟು ಸಿಕ್ಕರೆ ಮುಂದೆ ಗುಂಡಿ. ಎರಡು ಸಿಕ್ಕರೆ ಗಾಣಿಗನ ಮನೆ. ಮೂರು ಸಿಕ್ಕರೆ ಹಗ್ಗದವನ ಸ್ವಂತ ಬಾಗಿಲು. ಐದು ಸಿಕ್ಕರೆ ಕಟ್ಟೆ.

ಕುರುಡ ದಿನಾ ಗಂಟು ಎಣಿಸುತ್ತ ನಡೆಯುವನು. ಮೂರು ಗಂಟಿಗೆ ನಿಂತು, "ಇದ್ದೀಯೇನಯ್ಯಾ?" ಎನ್ನುವನು. "ಇಲ್ಲ, ಸತ್ತಿದ್ದೇನೆ. ಒಳಗೆ ಬಾ" ಎನ್ನುವನು ಹಗ್ಗದವನು.

ಆ ಊರಿನಲ್ಲಿ ಒಂದು ಪದ್ಧತಿ. ಮಳೆಗಾಲ ಕಳೆದ ಮೇಲೆ ಮನೆಗೊಂದಾಳು ಸೇರಿ ಓಣಿಗೆ ಮಣ್ಣು ಹಾಕಿ ತುಳಿಯುವರು. ಆ ದಿನ ಗೂಟಗಳನ್ನು ಕಿತ್ತು ಬದಿಗೆ ಎಸೆಯುವರು. ಮರುದಿನ ಹೊತ್ತು ಹುಟ್ಟುವಾಗ ಹಗ್ಗದವನು ಗೂಟ ನೆಟ್ಟು ಹಗ್ಗ ಬಿಗಿದಿರುವನು. ಮುಚ್ಚಿದ ಗುಂಡಿಯ ಗಂಟು ಬಿಚ್ಚಿ, ಹೊಸ ಗುಂಡಿಗೆ ಹೊಸ ಗಂಟು ಹಾಕಿರುವನು. ಅವನಿಗೆ ಯಾರೂ ಹೇಳಿದ್ದಲ್ಲ. ಯಾಕೆ ಎಂದು ಯಾರೂ ಕೇಳಿದ್ದೂ ಇಲ್ಲ. ಊರಿನವರು ಆ ಹಗ್ಗದ ಮೇಲೆ ಪಂಚೆ ಒಣಹಾಕುತ್ತಿದ್ದರು.

ಒಂದು ಆಷಾಢದಲ್ಲಿ ಹಗ್ಗದವನು ತೀರಿಕೊಂಡ.

ಮಳೆಗಾಲ ಮುಗಿಯಿತು. ಈ ಸಲ ಮಣ್ಣು ಬೇಡ, ಚಪ್ಪಡಿ ಹಾಸೋಣ ಎಂದ ಊರ ಗೌಡ. ಮನೆಗೊಂದಾಳು ಬಂದರು. ಕುರುಡನ ಮನೆಗೆ ಅವನೇ ಆಳು. ಅವನೂ ಬಂದ. ಉಳಿದವರಿಗಿಂತ ಎರಡು ಬುಟ್ಟಿ ಮರಳು ಹೆಚ್ಚೇ ಹೊತ್ತ. ಸಂಜೆ ಯಾರೋ ಕೈಹಿಡಿದು ಮನೆ ಮುಟ್ಟಿಸಿದರು. ಬದಿಗೆ ಬಿದ್ದಿದ್ದ ಹಗ್ಗವನ್ನು ಗೌಡ ದನ ಕಟ್ಟಲು ಒಯ್ದ. ಅಡ್ಡವಾಗುತ್ತವೆಂದು ಗಂಟುಗಳನ್ನು ಬಿಚ್ಚಿಸಿದ.

ಮರುದಿನ ಕುರುಡ ಹೊರಗೆ ಬಂದು ಕೈ ಚಾಚಿದ. ಏನೂ ಸಿಗಲಿಲ್ಲ. ಚಾಚಿದ ಕೈಯನ್ನು ಹಾಗೆಯೇ ಹಿಡಿದು ನಿಂತ.

ಗೌಡ ಅದೇ ದಾರಿಯಲ್ಲಿ ಬಂದ. "ಯಾಕಪ್ಪಾ ನಿಂತುಬಿಟ್ಟೆ? ಕಣ್ಣು ಮುಚ್ಚಿಕೊಂಡು ನಡೆಯುವ ಹಾಗೆ ಮಾಡಿಸಿದ್ದೇನಲ್ಲ."

"ನಡೆಯುವುದಕ್ಕೇನೋ ಚೆನ್ನಾಗಿದೆ ಗೌಡರೇ. ಎಲ್ಲಿ ನಿಲ್ಲಬೇಕು ಎಂಬುದೇ ತಿಳಿಯುವುದಿಲ್ಲ."

ಗೌಡ ನಕ್ಕ. ಕುರುಡ ತಮಾಷೆಯವನು ಎಂದುಕೊಂಡು ಹೋದ.

ಕುರುಡ ನಡೆದ. ಎಡವಲಿಲ್ಲ. ಗಾಣಿಗನ ಮನೆ ದಾಟಿದ್ದು ತಿಳಿಯಲಿಲ್ಲ. ಗೆಳೆಯನ ಬಾಗಿಲು ದಾಟಿದ್ದೂ ತಿಳಿಯಲಿಲ್ಲ. ಕಟ್ಟೆಯಲ್ಲಿ ಮಾತು ಕೇಳಿದ್ದರೆ ನಿಲ್ಲುತ್ತಿದ್ದ. ಆ ಹೊತ್ತಿನಲ್ಲಿ ಅಲ್ಲಿ ಯಾರೂ ಇರಲಿಲ್ಲ. ಕಾಲಿಗೆ ಹೊಲದ ಹೆಂಟೆ ತಾಗಿದಾಗ ಊರು ಮುಗಿದಿದೆ ಎಂದು ಗೊತ್ತಾಯಿತು. ಅಲ್ಲೇ ಕೂತ. ಸಂಜೆ ಹುಲ್ಲಿನ ಹೊರೆ ಹೊತ್ತು ಬಂದ ಹೆಂಗಸೊಬ್ಬಳು ಅವನನ್ನು ಮನೆಗೆ ಬಿಟ್ಟಳು. ಮಾರನೆಯ ದಿನದಿಂದ ಅವನು ಹೊರಗೆ ಬರಲಿಲ್ಲ.

ವರ್ಷ ಕಳೆಯಿತು. ಕಟ್ಟೆಯಲ್ಲಿ ಓಣಿಯ ಮಾತು ಬಂತು. ಗೌಡ ಮೀಸೆ ತೀಡಿ ಹೇಳಿದ: "ಚಪ್ಪಡಿ ಹಾಸಿದ ಮೇಲೆ ಆ ಕುರುಡ ಒಮ್ಮೆಯಾದರೂ ಎಡವಿ ಬಿದ್ದಿದ್ದಾನೆಯೇ? ಹೇಳಿ."

ಎಲ್ಲರೂ ಯೋಚಿಸಿದರು. ಇಲ್ಲ, ಒಮ್ಮೆಯೂ ಬಿದ್ದಿಲ್ಲ ಎಂದರು.

ಗುರುಗಳು ಕತೆ ನಿಲ್ಲಿಸಿದರು. ನನಗೆ ತಡೆಯಲಾಗಲಿಲ್ಲ.

"ತಪ್ಪು ಆ ಕುರುಡನದೂ ಇದೆ ಗುರುಗಳೇ. ಬಾಯಿಬಿಟ್ಟು ಕೇಳಿದ್ದರೆ ಯಾರಾದರೂ ಹಗ್ಗ ಕಟ್ಟುತ್ತಿದ್ದರು. ನಮ್ಮ ನಿರ್ವಾಣಪ್ಪಜ್ಜನೂ ಅಷ್ಟೇ. ಅಕ್ಷರ ದೊಡ್ಡದು ಮಾಡುವುದಕ್ಕೆ ಬೇರೆ ಉಪಾಯ ಹತ್ತು ಇವೆ. ಐದು ನಿಮಿಷದ ಕೆಲಸ, ನನಗೆ ಎಡಗೈ ಆಟ. ಅವರು ಬಂದು ಕೇಳಬೇಕು, ಅಷ್ಟೇ."

"ಆ ಊರಿನವರೂ ಹಾಗೇ ಅಂದರು," ಎಂದರು ಗುರುಗಳು. "ಬಂದು ಕೇಳಬೇಕು, ಅಷ್ಟೇ ಎಂದು."

ಸುಲಿದ ಶೇಂಗಾವನ್ನು ನನ್ನ ಬೊಗಸೆಗೆ ಸುರಿದು, ಎದ್ದು ನಿಂತು, ಗುರುಗಳು ಒಂದೇ ಮಾತು ಕೇಳಿದರು:

"ನಿರ್ವಾಣಪ್ಪನವರ ಮನೆಗೆ ಹೋಗುವ ದಾರಿ ನಿನಗೆ ಗೊತ್ತೇ?"