ಎಲೆ ತೆಗೆದ ಬಿತ್ತನೆ ಚೀಲ

ಬಿತ್ತನೆ ಜೋಳಕ್ಕೆ ನುಸಿ ಹಿಡಿಯದಂತೆ ಲಕ್ಕಿ ಎಲೆ ಬೆರೆಸಿಡುವುದು ಗುರುಬಸವ್ವನ ಮನೆಯ ಪದ್ಧತಿ. ಇದನ್ನು ಕೇಳಿದ ಸಂಶೋಧನಾ ಕೇಂದ್ರವೊಂದು ಆಕೆಯಲ್ಲಿದ್ದ ಒಂದೇ ಒಂದು ಬಿತ್ತನೆ ಚೀಲವನ್ನು ಗೌರವಪೂರ್ವಕವಾಗಿ ತರಿಸಿಕೊಂಡಿತು. ಎಲೆಗಳನ್ನೆಲ್ಲ ಆರಿಸಿ ಗಾಜಿನ ಭರಣಿಯಲ್ಲಿ ಮುಚ್ಚಿಟ್ಟಿತು. ಎಲೆಯಿಲ್ಲದ ಜೋಳದ ಗತಿ ಏನಾಗುವುದೆಂದು ನೋಡಲು ಚೀಲವನ್ನು ಆ ಭರಣಿಯಿದ್ದ ಹಲಗೆಯ ಕೆಳಗೇ ಇರಿಸಿತು.

ಮರುವಾರ ನುಸಿ ಬಂದಿತು.

"ಅಕ್ಕಾ, ಇಳಿದು ಬಾ! ಹದ ಮಳೆ ಬಿದ್ದೊಡನೆ ನಾನು ಹೊಲಕ್ಕೆ ಹೋಗಬೇಕು" ಎಂದು ಜೋಳ ಕೂಗಿತು.

"ಮುಚ್ಚಳಕ್ಕೆ ಮೊಹರು ಹಾಕಿದ್ದಾರೆ, ತಮ್ಮಾ. ನನ್ನಲ್ಲಿ ಗುಣವಿದೆಯೇ ಎಂಬ ವಿಚಾರಣೆ ಇನ್ನೂ ಮುಗಿದಿಲ್ಲ" ಎಂದಿತು ಎಲೆ.

"ಗುಣವಿದೆಯೆಂದು ಈ ನುಸಿಗೇ ಗೊತ್ತಲ್ಲ!"

"ಗೊತ್ತು" ಎಂದು ನುಸಿ ಬಾಯಿ ಒರೆಸಿಕೊಂಡಿತು. "ನನ್ನ ಅಜ್ಜ, ಮುತ್ತಜ್ಜ ಎಲ್ಲರೂ ಆ ವಾಸನೆಗೆ ಹೆದರಿ ಓಡಿದವರೇ. ಆದರೆ ಅದು ಬರೀ ಅನುಭವ, ಪುರಾವೆಯಲ್ಲ. ಸ್ವಲ್ಪ ಸರಿದು ಕೂಡು, ನಮ್ಮವರು ಇನ್ನೂ ಬರುವವರಿದ್ದಾರೆ."

ಆಮೇಲೆ ಅದು ಭರಣಿಯತ್ತ ತಿರುಗಿ ಕೈಮುಗಿಯಿತು: "ತಾಯೀ, ನಿಮ್ಮ ಹಿರಿಮೆ ಸಾಬೀತಾಗಲೆಂದೇ ನಾನು ಹಗಲಿರುಳು ತಿನ್ನುತ್ತಿದ್ದೇನೆ."

ಬಿತ್ತನೆಯ ಹೊತ್ತಿಗೆ ಚೀಲದಲ್ಲಿ ಹಿಟ್ಟು ಮಾತ್ರ ಉಳಿದಿತ್ತು. ಕೇಂದ್ರದವರು ಅದನ್ನು ತೂಗಿ, ಹಿಗ್ಗಿ, ಲಕ್ಕಿ ಎಲೆಯಿಲ್ಲದೆ ಜೋಳ ಉಳಿಯದೆಂಬುದು ಸಂದೇಹಾತೀತವಾಗಿ ಸಿದ್ಧವಾಯಿತೆಂದು ವರದಿ ಬರೆದರು. ಒಂದು ಪ್ರತಿಯನ್ನು ಗುರುಬಸವ್ವನಿಗೂ ಕಳಿಸಿದರು. ಅದರ ಜೊತೆಗೊಂದು ಸಲಹೆಯಿತ್ತು: ಆಕೆ ಇನ್ನಾದರೂ ಹಳೆಯ ರೂಢಿಗಳನ್ನು ಬಿಟ್ಟು, ಬಿತ್ತನೆ ಜೋಳಕ್ಕೆ ಲಕ್ಕಿ ಎಲೆ ಬೆರೆಸುವ ಈ ವೈಜ್ಞಾನಿಕ ವಿಧಾನವನ್ನು ಅನುಸರಿಸಬೇಕು.